ಅಂಗಾಲಿನ ನಕ್ಷೆ ನಮ್ಮ ಋಷಿಗಳು ಬರೆದದ್ದಲ್ಲ

ಅಕ್ಕಂದಿರಾ, ತಂಗ್ಯಾರಾ, ಓಣಿ ಗೆಳತ್ಯಾರಾ, ಈ ಸಲ ಉಪ್ಪಿನಕಾಯಿನೂ ಇಲ್ಲ, ಉಂಡಿನೂ ಇಲ್ಲ. ಈ ಸಲ ಜಗಳ ಐತಿ. ಯಾರ ಸಂಗಾಟ ಅಂದ್ರ, ಎರಡು ಅಂಗಾಲಿನ ಚಿತ್ರದ ಸಂಗಾಟ.

ಆ ಚಿತ್ರ ನೀವೆಲ್ಲಾರೂ ನೋಡೀರಿ. ಹೆಬ್ಬೆರಳಿನಾಗ ಮಿದುಳು, ಬೆರಳಿನ ಬುಡಕ್ಕ ಕಣ್ಣು-ಕಿವಿ, ನಡುವಿಗೆ ಕಿಡ್ನಿ, ಹಿಮ್ಮಡಿ ಗಂಟಿನ ಹತ್ರ ಗರ್ಭಚೀಲ. ಅಣ್ಣ-ತಮ್ಮಂದಿರು ಪಾಲಾಗಿ ಹೊಲ ಹಂಚಿಕೊಂಡಂಗ, ಬಣ್ಣ ಬಣ್ಣದಾಗ ಪಾದ ಹಂಚಿರ್ತಾರ. ಹೊಸಪ್ಯಾಟಿಯ ಕಲ್ಯಾಣ ಮಂಟಪದಾಗ ಶಿಬಿರ ಹಾಕಿದ್ರೂ ಅದೇ ಚಿತ್ರ, ಸಂಡೂರಿನ ಜಾತ್ರಿಯಾಗ ಕಟಗಿ ರೋಲರ್ ಮಾರೋರ ಹಿಂದೂ ಅದೇ ಚಿತ್ರ, ಕಂಪ್ಲಿಯಿಂದ ನಮ್ಮ ಚಿಗವ್ವ ಮೊಬೈಲಿಗೆ ಕಳಿಸೋದೂ ಅದೇ. ಕೆಳಗ ಒಂದು ಸಾಲು ತಪ್ಪದೇ ಇರ್ತೈತಿ: ಇದು 5000 ವರ್ಷದ ಹಿಂದ ನಮ್ಮ ಋಷಿಗಳು ಕಂಡುಹಿಡಿದ ವಿದ್ಯಾ.

ನನ್ನ ತಕರಾರು ಕಾಲು ಒತ್ತೋದರ ಮ್ಯಾಲ ಅಲ್ಲ, ಎಣ್ಣಿ ತಿಕ್ಕೋದರ ಮ್ಯಾಲೂ ಅಲ್ಲ. ದಿನಾ ನಿಂತು ರೊಟ್ಟಿ ಬಡಿಯೋ ನಮ್ಮ ಕಾಲಿಗೆ ಒಂದು ಗಳಿಗಿ ಯಾರಾದರೂ ಒತ್ತಿದ್ರ ಅದಕ್ಕಿಂತ ಸುಖ ಇಲ್ಲ. ನನ್ನ ತಕರಾರು ಆ ಸಾಲಿನ ಮ್ಯಾಲ, ಮತ್ತ ಆ ಸಾಲು ತೋರಿಸಿ ನಮ್ಮ ಕೈಯಿಂದ ಗುಳಿಗಿ ಬಿಡಿಸೋರ ಮ್ಯಾಲ.

ಮೊದಲು ಈ ನಕ್ಷೆ ಎಲ್ಲಿ ಹುಟ್ಟೇತಿ ಅಂತ ಕೇಳ್ರಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಅನ್ನೋ ಊರಾಗ ವಿಲಿಯಂ ಫಿಟ್ಜೆರಾಲ್ಡ್ ಅಂತ ಕಿವಿ-ಮೂಗು-ಗಂಟಲಿನ ಡಾಕ್ಟರ್ ಇದ್ದರು. ಕೈಬೆರಳು ಒತ್ತಿಹಿಡಿದ್ರ ಮೂಗು, ಗಂಟಲಿನ ನೋವು ಕಡಿಮಿ ಆಗ್ತೈತಿ ಅಂತ ಅವರಿಗೆ ಅನ್ನಿಸ್ತು. ಅದರ ಮ್ಯಾಲ ಇಡೀ ಮೈಯನ್ನ ತಲಿಯಿಂದ ಕಾಲಿನ ತನಕ ಉದ್ದಕ್ಕ ಹತ್ತು ಪಟ್ಟಿ ಮಾಡಿದ್ರು, ಬಲಕ್ಕ ಐದು, ಎಡಕ್ಕ ಐದು, ಒಂದೊಂದು ಬೆರಳಿಗೆ ಒಂದೊಂದು. ಇದಕ್ಕ ಝೋನ್ ಥೆರಪಿ ಅಂತ ಹೆಸರು ಬಂತು. 1915ರಾಗ ಎಡ್ವಿನ್ ಬೋವರ್ಸ್ ಅನ್ನೋರು ಒಂದು ಪತ್ರಿಕೆಯೊಳಗ, ಹಲ್ಲು ನೋವು ನಿಲ್ಲಬೇಕಂದ್ರ ಕಾಲ್ಬೆರಳು ಹಿಚುಕ್ರಿ ಅನ್ನೋ ಅರ್ಥದ ತಲಿಬರಹ ಕೊಟ್ಟು ಇದನ್ನ ಊರಿಗೆಲ್ಲ ಸಾರಿದ್ರು. 1917ರಾಗ ಇಬ್ಬರೂ ಕೂಡಿ ಪುಸ್ತಕ ತಂದ್ರು. ಮನಿಯಾಗ ನೋವು ಕಳಕೊಳ್ಳೋದು ಹೆಂಗ ಅನ್ನೋದೇ ಅದರ ಮಾತು. ಅದರಾಗ ಹೇಳಿದ ಸಾಮಾನು ಏನಪಾ ಅಂದ್ರ ರಬ್ಬರ್ ಬ್ಯಾಂಡು, ಲೋಹದ ಬಾಚಣಿಗಿ, ಮತ್ತ ನಾವು ಮಾಳಗಿ ಮ್ಯಾಲ ಸೀರಿ ಒಣಹಾಕಾಕ ಸಿಗಸ್ತೀವಲ್ಲ, ಆ ಬಟ್ಟಿ ಕ್ಲಿಪ್ಪು. ಬೆರಳಿಗೆ ಕ್ಲಿಪ್ಪು ಹಾಕ್ಕೊಂಡು ಕುಂದ್ರೋದು. ಋಷಿಗಳ ಕಾಲದಾಗ ಬಟ್ಟಿ ಕ್ಲಿಪ್ಪು ಇರಲಿಲ್ಲ ಅನ್ನೋದರಾಗ ಯಾರಿಗೂ ಸಂಶಯ ಇರಲಾರದು.

ಆದ್ರ ಅಂಗಾಲಿನ ಚಿತ್ರ ಅವರದೂ ಅಲ್ಲ. ಅದು ಒಬ್ಬ ಹೆಣ್ಮಗಳ ಕೆಲಸ. ಆಕಿ ಹೆಸರು ಯೂನಿಸ್ ಇಂಗಮ್. ಹುಟ್ಟಿದ್ದು 1889, ತೀರಿಹೋದದ್ದು 1974. ಫಿಟ್ಜೆರಾಲ್ಡರಿಂದ ಕಲಿತ ಜೋ ಶೆಲ್ಬಿ ರೈಲಿ ಅನ್ನೋ ಡಾಕ್ಟರ ಹತ್ರ ಆಕಿ ಫ್ಲಾರಿಡಾದಾಗ ಕೆಲಸ ಮಾಡಿದ್ಲು. 1930ರ ದಶಕದಾಗ ಬಂದವರ ಕಾಲು ಒತ್ತಿ ಒತ್ತಿ, ಎಲ್ಲಿ ಒತ್ತಿದ್ರ ಯಾರಿಗೆ ಏನು ಅನ್ನಿಸ್ತೈತಿ ಅಂತ ಬರಕೊಂಡು, ಪಾದದಾಗ ಒಂದೊಂದು ಅಂಗಕ್ಕ ಒಂದೊಂದು ಜಾಗ ಗುರುತಿಸಿದ್ಲು. 1938ರಾಗ 'ಸ್ಟೋರೀಸ್ ದ ಫೀಟ್ ಕ್ಯಾನ್ ಟೆಲ್', ಅಂದ್ರ ಪಾದ ಹೇಳಬಲ್ಲ ಕತಿಗಳು, ಅಂತ ಪುಸ್ತಕ ಬರೆದ್ಲು. ಆಮ್ಯಾಲ ಊರೂರು ತಿರುಗಿ ವರ್ಷಗಟ್ಟಲೆ ಕಲಿಸಿದ್ಲು. ರಿಫ್ಲೆಕ್ಸಾಲಜಿ ಅನ್ನೋ ಹೆಸರು ಈ ಪದ್ಧತಿಗೆ ಗಟ್ಟಿಯಾಗಿದ್ದು ಇನ್ನೂ ಹಿಂದಾಗಡೆ.

ಆಕಿ ಹೇಳಿದ್ದು ಖರೆ ಆಗಲಿ, ಸುಳ್ಳಾಗಲಿ, ದುಡಿದದ್ದು ಆಕಿ. ಈಗ ಆ ಹೆಣ್ಮಗಳ ಹೆಸರು ಒರೆಸಿ, ಅಲ್ಲಿ ಗಡ್ಡದ ಋಷಿ ಚಿತ್ರ ಹಚ್ಚೋದು ಎಂಥಾ ನ್ಯಾಯರೀ? ನಾವು ಮಾಡಿದ ಹೋಳಿಗಿಗೆ ಬೀಗರ ಮುಂದ ಇನ್ಯಾರೋ ಹೆಸರು ತಗೊಂಡಂಗ ಆತು. ಹೆಣ್ಣು ಕಟ್ಟಿದ್ದು ಅಂದ್ರ ಮಾರಾಟ ಆಗೂದಿಲ್ಲ, ಋಷಿ ಕಟ್ಟಿದ್ದು ಅಂದ್ರ ಎರಡು ಪಟ್ಟು ರೊಕ್ಕ.

ಕೆಲವರು ಈಜಿಪ್ಟಿನ ಚಿತ್ರ ತೋರಸ್ತಾರ. ಸಕ್ಕಾರಾ ಅನ್ನೋ ಕಡಿ ಅಂಖ್‌ಮಹೋರ್ ಅನ್ನೋ ದೊಡ್ಡ ಅಧಿಕಾರಿಯ ಸಮಾಧಿ ಐತಿ, ನಾಕು ಸಾವಿರ ವರ್ಷಕ್ಕಿಂತ ಹಳೇದು. ಅದರ ಗ್ವಾಡಿ ಮ್ಯಾಲ ಒಬ್ಬರ ಕೈ, ಒಬ್ಬರ ಕಾಲು ಇನ್ನೊಬ್ಬರು ಹಿಡಕೊಂಡ ಚಿತ್ರ ಐತಿ. ಆತು, ಹಿಡಕೊಂಡಾರ. ಉಗುರು ತೆಗೀತಿರಬಹುದು, ಒತ್ತತಿರಬಹುದು. ಅಲ್ಲಿ ಕಿಡ್ನಿ ಎಲ್ಲೈತಿ, ಲಿವರ್ ಎಲ್ಲೈತಿ? ಹಜಾಮತಿ ಮಾಡೋ ಚಿತ್ರ ಸಿಕ್ಕಿತು ಅಂತ ಅದನ್ನ ಮಿದುಳಿನ ಆಪರೇಷನ್ ಅನ್ನಾಕ ಆಗ್ತೈತೇನು?

ಇನ್ನ ಕೆಲವರು ಚೀನಾದವರದು ಅಂತಾರ. ಸೂಜಿ ಚುಚ್ಚೋ ಚಿಕಿತ್ಸೆ ಚೀನಾದಾಗ ಹಳೇದು, ಖರೆ. ಆದ್ರ ಅಲ್ಲಿ ಮೈತುಂಬ ಹರಿಯೋ ದಾರಿಗಳ ಲೆಕ್ಕ ಐತಿ, ಅಂಗಾಲಿನಾಗ ಇಡೀ ಮೈ ಮಡಚಿ ಇಟ್ಟ ನಕ್ಷೆ ಅಲ್ಲ. ತೈವಾನಿನಾಗ ಈ ಪಾದದ ವಿದ್ಯಾ ಮನಿಮಾತಾಗಿದ್ದು ಹೆಂಗ ಗೊತ್ತೇನು? ಜೋಸೆಫ್ ಯೂಗ್‌ಸ್ಟರ್ ಅಂತ ಸ್ವಿಟ್ಜರ್‌ಲೆಂಡಿನ ಪಾದ್ರಿ ಅಲ್ಲಿದ್ರು. ಅವರ ಮೊಣಕಾಲು ನೋಯ್ತಿತ್ತು. ಯುರೋಪಿನಿಂದ ಬಂದ ಪುಸ್ತಕ ಓದಿ ತಮ್ಮ ಕಾಲು ತಾವೇ ಒತ್ತಿಕೊಂಡ್ರು, ಆಮ್ಯಾಲ ಊರವರಿಗೆ ಕಲಿಸಿದ್ರು. ಅಂದ್ರ ಅಮೆರಿಕದಾಗ ಹುಟ್ಟಿ, ಯುರೋಪಿಗೆ ಹೋಗಿ, ಪಾದ್ರಿ ಕೈಯಿಂದ ತೈವಾನಿಗೆ ಬಂದು, ಅಲ್ಲಿಂದ ಚೀನಾದ ಪುರಾತನ ವಿದ್ಯಾ ಅನ್ನೋ ಹೆಸರಿನಾಗ ನಮ್ಮ ಬಾಗಿಲಿಗೆ ಬಂತು. ನಮ್ಮ ದೇಶದಾಗೂ ಅಷ್ಟೇ. 1980ರ ದಶಕದಾಗ ಮುಂಬಯಿಯ ದೇವೇಂದ್ರ ವೋರಾ ಅವರ 'ಹೆಲ್ತ್ ಇನ್ ಯುವರ್ ಹ್ಯಾಂಡ್ಸ್' ಪುಸ್ತಕ ಹಲವು ಭಾಷಿಗೆ ಹೋಗಿ, ಅಂಗೈ ಅಂಗಾಲಿನ ಚಿತ್ರ ಮನಿಮನಿಗೆ ಮುಟ್ಟಿತು. ನಮ್ಮ ಅಜ್ಜಿಗೆ ಆ ಚಿತ್ರ ಗೊತ್ತಿರಲಿಲ್ಲ, ನಮ್ಮ ಅವ್ವಗ ಗೊತ್ತಾತು.

ಹಂಗಾದ್ರ ನಮ್ಮವರು ಪಾದದ ಬಗ್ಗೆ ಏನೂ ಹೇಳಿಲ್ಲೇನು? ಹೇಳ್ಯಾರ, ಬೇಕಾದಷ್ಟು ಹೇಳ್ಯಾರ. ಚರಕ ಸಂಹಿತೆಯ ಸೂತ್ರಸ್ಥಾನದ ಐದನೇ ಅಧ್ಯಾಯದಾಗ ಪಾದಾಭ್ಯಂಗ ಐತಿ. ಅಂಗಾಲಿಗೆ ಎಣ್ಣಿ ತಿಕ್ಕಿದ್ರ ಒರಟುತನ, ಬಿಗಿತ, ದಣಿವು, ಜೋಮು ಹೋಗ್ತೈತಿ, ಹಿಮ್ಮಡಿ ಒಡಿಯೂದಿಲ್ಲ, ಕಾಲಿಗೆ ಬಲ ಬರ್ತೈತಿ, ಕಣ್ಣಿಗೂ ಒಳ್ಳೇದು ಅಂತಾರ. ವಾಗ್ಭಟರ ಅಷ್ಟಾಂಗ ಹೃದಯದಾಗ ದಿನಾ ಎಣ್ಣಿ ಹಚ್ಚಿಕೊಳ್ರಿ, ತಲಿ, ಕಿವಿ, ಪಾದಕ್ಕ ವಿಶೇಷವಾಗಿ ಹಚ್ಚಿಕೊಳ್ರಿ ಅಂತ ಐತಿ. ಇವೆಲ್ಲ ಬಂದಿರೋದು ದಿನಚರಿಯ ಮಾತಿನಾಗ. ಹಲ್ಲುಜ್ಜೋದು, ಜಳಕ ಮಾಡೋದು ಹೆಂಗೋ ಹಂಗ. ಇಲ್ಲಿ ಒತ್ತಿದ್ರ ಲಿವರು, ಅಲ್ಲಿ ಒತ್ತಿದ್ರ ಥೈರಾಯ್ಡು ಅನ್ನೋ ನಕ್ಷೆ ಎಲ್ಲೂ ಇಲ್ಲ.

ಮರ್ಮ ಐತಲ್ಲ ಅಂತೀರಿ. ಸುಶ್ರುತರು ಮೈಯಾಗ 107 ಮರ್ಮ ಎಣಿಸ್ಯಾರ, ಒಂದೊಂದು ಕೈಗೆ, ಒಂದೊಂದು ಕಾಲಿಗೆ ಹನ್ನೊಂದು. ಅಂಗಾಲಿನ ನಡುವಿನದಕ್ಕ ತಲಹೃದಯ ಅಂತ ಹೆಸರು. ಆದ್ರ ಅವರು ಎಣಿಸಿದ್ದು ಯಾಕ? ಇಲ್ಲಿ ಪೆಟ್ಟು ಬಿದ್ರ ಜೀವಕ್ಕ, ಅಂಗಕ್ಕ ಅಪಾಯ, ಶಸ್ತ್ರ ಹಿಡಿಯೋ ವೈದ್ಯ ಜ್ವಾಕಿ ಇರಬೇಕು ಅನ್ನಾಕ. ಕಟಗಿ ಮುಳ್ಳಿನ ರೋಲರ್ ತಗೊಂಡು ಅಲ್ಲೇ ಜೋರು ಒತ್ರಿ ಅಂತ ಅಲ್ಲ.

ನಮ್ಮ ಕನ್ನಡ ನೆಲದ ಮಾತೇ ಕೇಳ್ರಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಾಗ 'ಮಾನಸೋಲ್ಲಾಸ' ಅಂತ ದೊಡ್ಡ ಗ್ರಂಥ ಮಾಡಿದ. ಅದರಾಗ ರಾಜನ ಉಪಭೋಗ ಇಪ್ಪತ್ತು ಎಣಿಸ್ಯಾನ. ತಾಂಬೂಲ, ಗಂಧ, ಬಟ್ಟಿ, ಊಟ, ಹಾಸಿಗಿ, ಇವುಗಳ ಸಾಲಿನಾಗ ಪಾದಾಭ್ಯಂಗನೂ ಒಂದು. ನೋಡ್ರಿ, ಎಲಿ ಅಡಕಿ ಸಂಗಾಟ ಕುಂದ್ರಿಸ್ಯಾನ, ಔಷಧದ ಸಂಗಾಟ ಅಲ್ಲ. ಸುಖವನ್ನ ಸುಖ ಅಂತ ಕರಿಯೋ ಧೈರ್ಯ ಆ ದೊರೆಗೆ ಇತ್ತು.

ನಮ್ಮ ಹಂಪಿ ಕತಿನೂ ಐತಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೃಷ್ಣದೇವರಾಯನ ಮುಂಜಾನಿ ಬರದಾನ. ಬೆಳಕು ಹರಿಯೋ ಮೊದಲು ರಾಯ ಒಳ್ಳೆಣ್ಣಿ ಕುಡಿದು, ಮೈಗೆಲ್ಲ ಅದೇ ಎಣ್ಣಿ ಹಚ್ಚಿಕೊಂಡು, ಮಣ್ಣಿನ ಭಾರ ಎತ್ತಿ, ಕತ್ತಿ ತಿರುವಿ, ಎಣ್ಣಿಯೆಲ್ಲ ಬೆವರಾಗಿ ಹೋಗೂತನಕ ದಣಿದು, ಪೈಲ್ವಾನನ ಜೋಡಿ ಕುಸ್ತಿ ಹಿಡಿದು, ಆಮ್ಯಾಲ ಕುದರಿ ಓಡಸ್ತಿದ್ದನಂತ. ಎಣ್ಣಿ ಐತಿ, ಬೆವರು ಐತಿ. ಅಂಗಾಲಿನ ಗುಂಡಿ ಒತ್ತಿ ರೋಗ ಕಳಕೊಂಡ ಸುದ್ದಿ ಅಲ್ಲಿಲ್ಲ.

ಹಂಪಿಯ ಬಂಡಿಗಳ ಮ್ಯಾಲ ಕೆತ್ತಿದ ಪಾದಗಳ ಫೋಟೋ ಹಾಕಿ, ಇದೇ ಹಳೇ ರಿಫ್ಲೆಕ್ಸಾಲಜಿ ಅನ್ನೋರೂ ಅದಾರ. ವಿಷ್ಣುಪಾದದ ಮ್ಯಾಲ ಇರೋದು ಶಂಖ, ಚಕ್ರ, ಪದ್ಮ. ಅವು ದೇವರ ಲಾಂಛನ. ನಾವು ಅಲ್ಲಿ ಹೂವು ಏರಿಸಿ ಹಣಿ ಹಚ್ಚೋದು ಭಕ್ತಿಗೆ. ಚಕ್ರ ಅಂದ್ರ ಕಿಡ್ನಿ, ಶಂಖ ಅಂದ್ರ ಕಿವಿ ಅಂತ ಅರ್ಥ ಹಚ್ಚಿದ್ರ, ಅದು ದೇವರಿಗೂ ಮರ್ಯಾದಿ ಅಲ್ಲ, ಕೆತ್ತಿದ ಕೈಗೂ ಮರ್ಯಾದಿ ಅಲ್ಲ.

ಈಗ ನನಗ ಭಾಳ ಸಿಟ್ಟು ಬರಿಸೋ ಮಾತಿಗೆ ಬರ್ತೀನಿ. ಕಾಲುಂಗುರ. ಎರಡನೇ ಬೆರಳಿನ ನರ ಸೀದಾ ಗರ್ಭಚೀಲಕ್ಕ ಹೋಗ್ತೈತಿ, ಅದಕ್ಕ ಹಿರಿಯರು ಕಾಲುಂಗುರ ಹಾಕ್ಯಾರ, ಮುಟ್ಟು ಸರಿ ಆಗ್ತೈತಿ, ಮಕ್ಕಳಾಗ್ತಾವ ಅಂತ ವಾರಕ್ಕೊಮ್ಮೆ ಯಾರಾದರೂ ಕಳಸ್ತಾರ. ಆ ಬೆರಳಿನ ಅಂಗಾಲ ಕಡಿ ನರ ಹಿಮ್ಮಡಿ ಗಂಟಿನ ಹಿಂದ ಹಾದು, ಮೀನಖಂಡ ಏರಿ, ತೊಡಿ ಹಿಂದಿನ ದೊಡ್ಡ ನರಕ್ಕ ಕೂಡಿ, ಬೆನ್ನುಹುರಿಗೆ ಸೇರ್ತೈತಿ. ಪಕ್ಕದ ಬೆರಳಿನದೂ ಅದೇ ದಾರಿ. ಗರ್ಭಚೀಲಕ್ಕ ಹೋಗೋ ಬ್ಯಾರೆ ತಂತಿ ಅದಕ್ಕಿಲ್ಲ.

ಅದಿರಲಿ. ಕಾಲುಂಗುರ ಗರ್ಭಚೀಲದ ಔಷಧ ಆಗಿದ್ರ, ಮುಟ್ಟಿನ ನೋವಿಗೆ ಹೊಳ್ಳಾಡೋ ಹದಿನಾಲ್ಕು ವರ್ಷದ ಹುಡುಗಿಗೆ ಯಾಕ ಹಾಕೂದಿಲ್ಲ? ಗಂಡ ಸತ್ತ ದಿನ ಆಕಿ ಕಾಲಿನಿಂದ ಯಾಕ ತೆಗೀತಾರ? ಗಂಡ ಸತ್ತ ಕೂಡ್ಲೇ ಗರ್ಭಚೀಲಕ್ಕ ಔಷಧ ಬ್ಯಾಡಾತೇನು? ಕಾಲುಂಗುರ ಮುತ್ತೈದಿತನದ ಗುರುತು. ಬೇಕಾದವರು ಹಾಕ್ಕೊಳ್ರಿ, ಚಂದಕ್ಕ ಹಾಕ್ಕೊಳ್ರಿ, ಪ್ರೀತಿಗೆ ಹಾಕ್ಕೊಳ್ರಿ. ಆದ್ರ ಅದಕ್ಕ ವಿಜ್ಞಾನದ ಸೀರಿ ಉಡಿಸಿದ್ರ, ಮಕ್ಕಳಾಗದ ಸೊಸಿಗೆ ನೀನು ಕಾಲುಂಗುರ ತೆಗದಿಟ್ಟಿದ್ದಿ, ಅದಕ್ಕ ಹಿಂಗಾತು ಅನ್ನಾಕ ಒಂದು ಹೊಸ ಬಡಿಗಿ ಕೊಟ್ಟಂಗ ಆಗ್ತೈತಿ. ಆ ಬಡಿಗಿ ತಿಂದವರು ನಮ್ಮ ನಡುವ ಅದಾರ.

ಹೋಗ್ಲಿ, ಹುಟ್ಟು ಎಲ್ಲಾದರೂ ಇರಲಿ, ಕೆಲಸ ಮಾಡ್ತೈತೋ ಇಲ್ಲೋ ಹೇಳು ಅಂತೀರಿ. ಸರಿಯಾದ ಪ್ರಶ್ನಿ. ಪರೀಕ್ಷಾ ಮಾಡ್ಯಾರ. 2000ದಾಗ ಇಂಗ್ಲೆಂಡಿನಾಗ ಇಬ್ಬರು ರಿಫ್ಲೆಕ್ಸಾಲಜಿಸ್ಟರಿಗೆ 18 ಮಂದಿಯ ಪಾದ ಅಷ್ಟೇ ಕೊಟ್ರು, ಮುಖ ತೋರಸಲಿಲ್ಲ, ಕಾಯಿಲೆ ಹೇಳಲಿಲ್ಲ. ಪಾದ ಓದಿ ಯಾರಿಗೆ ಏನೈತಿ ಹೇಳ್ರಿ ಅಂದ್ರು. ಅವರು ಹೇಳಿದ್ದು ಇದ್ದ ಕಾಯಿಲೆಗೂ ತಾಳ ಆಗಲಿಲ್ಲ, ಒಬ್ಬರದು ಇನ್ನೊಬ್ಬರದಕ್ಕೂ ತಾಳ ಆಗಲಿಲ್ಲ. 2009ರಾಗ ಎಡ್ಜಾರ್ಡ್ ಅರ್ನ್ಸ್ಟ್ ಅನ್ನೋ ಪ್ರಾಧ್ಯಾಪಕರು 18 ಪರೀಕ್ಷೆಗಳನ್ನ ಕೂಡಿಸಿ ನೋಡಿ, ಯಾವ ರೋಗಕ್ಕೂ ಇದು ಚಿಕಿತ್ಸೆ ಅಂತ ನಂಬೋಹಂಗ ಸಾಕ್ಷಿ ಇಲ್ಲ ಅಂದ್ರು. ಆಸ್ಟ್ರೇಲಿಯಾ ಸರಕಾರ ತಜ್ಞರಿಂದ ಪರಿಶೀಲನಾ ಮಾಡಿಸಿ, 2019ರ ಏಪ್ರಿಲ್ 1ರಿಂದ ವಿಮೆಯ ರೊಕ್ಕ ಇದಕ್ಕ ಸಲ್ಲೂದಿಲ್ಲ ಅಂತ ಪಟ್ಟಿಯಿಂದ ತೆಗದು ಹಾಕಿತು. ನ್ಯಾಯದ ಮಾತು ಅಂದ್ರ, ಅದೇ ಪಟ್ಟಿಯಾಗ ಯೋಗದಂಥವೂ ಇದ್ದು. ಮೈಗೆ ಹಿತ ಅಲ್ಲ ಅಂತ ಅವರು ಅಂದಿದ್ದಲ್ಲ, ರೋಗ ವಾಸಿ ಆಗೋ ಸಾಕ್ಷಿ ಸಾಲದು ಅಂದಿದ್ದು.

ಒತ್ತಿಸಿಕೊಂಡ ರಾತ್ರಿ ನಿದ್ದಿ ಚಲೋ ಬರ್ತೈತಿ, ಮನಸು ಹಗುರ ಆಗ್ತೈತಿ. ಅದು ಖರೆ. ಬೆನ್ನು ಒತ್ತಿದ್ರೂ ಆಗ್ತೈತಿ, ತಲಿಗೆ ಎಣ್ಣಿ ಹಾಕಿ ಬಡದ್ರೂ ಆಗ್ತೈತಿ. ಅದಕ್ಕ ನಕ್ಷೆ ಬೇಕಿಲ್ಲ.

ನಕ್ಷೆ ಬಂದಾಗ ಏನಾಗ್ತೈತಿ ಕೇಳ್ರಿ. ನಮ್ಮ ಸಂಬಂಧದಾಗ ಒಬ್ಬ ದೊಡ್ಡವ್ವ, ಹನ್ನೆರಡು ವರ್ಷದ ಶುಗರ್. ಅಂಗಾಲು ಜೋಮು ಹಿಡೀತಿತ್ತು. ಒಂದು ಶಿಬಿರದಾಗ, ಮುಳ್ಳಿನ ಚಾಪಿ ಮ್ಯಾಲ ದಿನಾ ಅರ್ಧ ತಾಸು ನಿಂದ್ರು, ಗುಳಿಗಿ ತಾನೇ ಬಿಡ್ತೈತಿ ಅಂದ್ರು. ನಿಂತ್ಲು. ನೋವಾಗಲಿಲ್ಲ. ನೋಡು, ನನಗ ನೋವೇ ಇಲ್ಲ, ಗುಣ ಆಗಾಕ ಹತ್ತೈತಿ ಅಂತಿದ್ಲು. ನೋವು ಆಗದೇ ಇರೋದೇ ಆಕಿ ರೋಗ ಆಗಿತ್ತು! ಅಂಗಾಲಿನಾಗ ಹುಣ್ಣಾಗಿ ವಾಸನಿ ಬಂದಾಗ ಸೊಸಿ ನೋಡಿದ್ಲು. ಎರಡು ಬೆರಳು ಹೋದವು. ಎಷ್ಟೋ ದಿನ ಗುಳಿಗಿ ತಗೊಂಡಿರಲಿಲ್ಲ ಅಂತ ಆಮ್ಯಾಲ ಗೊತ್ತಾತು.

ಶುಗರ್ ನರ ತಿಂದ ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗೂದಿಲ್ಲ, ಬಿಸಿನೀರು ಸುಟ್ಟದ್ದು ಗೊತ್ತಾಗೂದಿಲ್ಲ. ಡಾಕ್ಟರು ಒಂದು ಸಣ್ಣ ನೈಲಾನ್ ಎಳಿ ಅಂಗಾಲಿಗೆ ಮುಟ್ಟಿಸಿ ಕೇಳ್ತಾರ, ಗೊತ್ತಾತೇನು ಅಂತ. ಒಂದು ನಿಮಿಷದ ಕೆಲಸ. ಇದು ಪಾದ ಓದೋ ಖರೆ ವಿದ್ಯಾ. ಕಂಪ್ಲಿ ಕಡಿ ಕೆಸರಾಗ ನಿಂತು ಸಸಿ ಹಚ್ಚೋ ಹೆಣ್ಮಕ್ಕಳಿಗೆ, ಸಂಡೂರಿನ ಕೆಂಪು ಧೂಳಿನಾಗ ಚಪ್ಪಲಿ ಇಲ್ಲದ ನಡಿಯೋರಿಗೆ ಇದು ಎಲ್ಲಾರಿಗಿಂತ ಮೊದಲು ಬೇಕು.

ಎದಿ ಮಾತೂ ಅಷ್ಟೇ. ಹೆಂಗಸರಿಗೆ ಹೃದಯಾಘಾತ ಆದಾಗ ಎದಿ ನೋವೇ ಬರಬೇಕಂತಿಲ್ಲ. ದವಡಿ, ಬೆನ್ನು, ಎಡಗೈ, ಹೊಟ್ಟಿ ಉರಿ, ಬೆವರು, ಸುಸ್ತು, ಹಿಂಗೂ ಬರ್ತೈತಿ. ಆ ಹೊತ್ತಿನಾಗ ಗ್ಯಾಸ್ ಪಾಯಿಂಟ್ ಒತ್ತಿಕೋತ ಕುಂತ್ರ, ಒಂದೊಂದು ನಿಮಿಷಕ್ಕೂ ಹೃದಯದ ಮಾಂಸ ಸಾಯ್ತಿರ್ತೈತಿ. 108ಕ್ಕ ಫೋನ್ ಮಾಡೋ ಬೆರಳೇ ಅವತ್ತಿನ ಪಾಯಿಂಟು.

ದವಾಖಾನಿಯವರು ಲೂಟಿ ಮಾಡೂದಿಲ್ಲೇನು, ಅವರನ್ನ ಯಾಕ ಬೈಯೂದಿಲ್ಲ ಅಂತ ನಮ್ಮ ವೈನಿ ಕೇಳ್ತಾರ. ಮಾಡ್ತಾರ, ಕೆಲವರು ಮಾಡ್ತಾರ. ಬ್ಯಾಡಾದ ಸ್ಕ್ಯಾನು, ಎರಡು ಮಾತಿಗೆ ಟೈಮ್ ಇಲ್ಲ. ಶಿಬಿರದಾಗ ಆದ್ರ ಕೂಡ್ರಿಸಿ, ಕಾಲು ಮುಟ್ಟಿ, ಅರ್ಧ ತಾಸು ನಮ್ಮ ಮಾತು ಕೇಳ್ತಾರ. ಹೆಣ್ಮಕ್ಕಳು ಅಲ್ಲಿಗೆ ಹೋಗೋದು ಆ ಅರ್ಧ ತಾಸಿಗೆ ಅಂತ ನನಗ ಗೊತ್ತೈತಿ. ಆದ್ರ ಒಬ್ಬ ಹಾಲಿಗೆ ನೀರು ಬೆರಸ್ತಾನ ಅಂತ, ಇನ್ನೊಬ್ಬ ಕೊಟ್ಟ ಸುಣ್ಣದ ನೀರು ಹಾಲಾಗೂದಿಲ್ಲ. ಹಾಲು ಸರಿ ಕೊಡು ಅಂತ ಜಗಳ ಆಡಬೇಕು. ಮೂವತ್ತು ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರದಾಗ ಬಿಪಿ, ಶುಗರ್ ಪುಕ್ಕಟೆ ನೋಡೋ ಕಾರ್ಯಕ್ರಮ ಐತಿ. ಆಶಾ ಅಕ್ಕನ್ನ ಕೇಳಿ, ಹಕ್ಕಿನಿಂದ ಹೋಗ್ರಿ.

ಇನ್ನೊಂದು ಕೇಳಲೇನು? ಇಷ್ಟು ವರ್ಷ ಮನಿಯಾಗ ಕಾಲು ಒತ್ತಿದವರು ಯಾರು, ಒತ್ತಿಸಿಕೊಂಡವರು ಯಾರು? ಅತ್ತಿ ಕಾಲು ಸೊಸಿ ಒತ್ತಿದ್ಲು, ಗಂಡನ ಕಾಲು ಹೆಂಡ್ತಿ ಒತ್ತಿದ್ಲು. ಸೊಸಿ ಕಾಲು? ಆಕಿ ಸುಖ ಬೇಕು ಅಂತ ಬಾಯಿಬಿಟ್ಟು ಕೇಳಂಗಿಲ್ಲ, ಅದಕ್ಕ ಚಿಕಿತ್ಸೆ ಅಂತ ಹೆಸರು ಹಚ್ಚಿ ರೊಕ್ಕ ಕೊಟ್ಟು ಒತ್ತಿಸಿಕೊಂಡು ಬರಬೇಕಾಗೇತಿ. ಸೋಮೇಶ್ವರ ದೊರೆ ಸುಖ ಅಂತ ಬರೆದದ್ದನ್ನ ನಾವೂ ಸುಖ ಅಂತಲೇ ಕೇಳೋಣು. ರೋಗದ ನೆವ ಯಾಕ ಬೇಕು?

ಅದಕ್ಕ ಹಿಂಗ ಮಾಡ್ರಿ. ಶಿಬಿರಕ್ಕ ಹೋಗ್ತೀನಿ ಅಂದ್ರ ಹೋಗ್ರಿ, ಆದ್ರ ಗುಳಿಗಿ ಬಿಡ್ರಿ ಅಂದ ಕೂಡ್ಲೇ ಎದ್ದು ಬರ್ರಿ. ಶುಗರ್ ಇದ್ದವರು ಮುಳ್ಳಿನ ಚಾಪಿ, ರೋಲರು, ಬಿಸಿನೀರಿನ ಬೋಗುಣಿ ಮೂರನ್ನೂ ದೂರ ಇಡ್ರಿ. ದಿನಾ ರಾತ್ರಿ ಅಂಗಾಲು ನೋಡಿಕೊಳ್ರಿ. ಬಗ್ಗಾಕ ಆಗದಿದ್ರ ನೆಲದ ಮ್ಯಾಲ ಕನ್ನಡಿ ಇಟ್ಟು ನೋಡ್ರಿ. ಎಣ್ಣಿ ಹಿಮ್ಮಡಿಗೆ ಹಚ್ರಿ, ಬೆರಳ ಸಂದಿಗೆ ಬ್ಯಾಡ, ಅಲ್ಲಿ ಒಣ ಇರಬೇಕು. ಒಂದು ಕಾಲು ಬಾತು, ಕೆಂಪಾಗಿ, ಮೀನಖಂಡ ನೋಯ್ತಿದ್ರ ತಿಕ್ಕಬ್ಯಾಡ್ರಿ, ರಕ್ತ ಹೆಪ್ಪುಗಟ್ಟಿರಬಹುದು, ಡಾಕ್ಟರಿಗೆ ತೋರಸ್ರಿ.

ಉಳಿದವರೆಲ್ಲ ಇವತ್ತು ರಾತ್ರಿ ಪಾತ್ರಿ ತೊಳದ ಮ್ಯಾಲ ಒಂದು ಚಮಚ ಒಳ್ಳೆಣ್ಣಿ ಬೆಚ್ಚಗ ಮಾಡ್ರಿ. ಮನಿಯಾಗ ಯಾರು ಪುರುಸೊತ್ತಾಗಿ ಟಿವಿ ಮುಂದ ಕುಂತಾರೋ, ಗಂಡ ಇರಲಿ, ಮಗ ಇರಲಿ, ಅವರ ಕೈಗೆ ಬಟ್ಟಲು ಕೊಡ್ರಿ, ಕಾಲು ಚಾಚ್ರಿ. ಕಿಡ್ನಿ ಎಲ್ಲೈತಿ ಅಂತ ಅವರು ಹುಡುಕೋದು ಬ್ಯಾಡ. ಎಲ್ಲಿ ನೋಯ್ತೈತೋ ಅಲ್ಲಿ ಒತ್ತಿದ್ರ ಸಾಕು.